ತಕ್ಕಡಿಯಪ್ಪನವರು ಇಂಜಿನ್ನಿನ ನಾಡಿ ಹಿಡಿದದ್ದು

ನಿವೃತ್ತನಾದ ಮನುಷ್ಯನ ಕೈಗೆ ದೇವರು ಜಪಮಾಲೆ ಕೊಟ್ಟರೆ ಮನೆಗೆಲ್ಲ ಕ್ಷೇಮ. ಸ್ಪ್ಯಾನರ್ ಕೊಟ್ಟರೆ ಬೀದಿಗೆಲ್ಲ ಕಂಟಕ. ತಕ್ಕಡಿಯಪ್ಪನವರ ಪಾಲಿಗೆ ಬಂದದ್ದು ಎರಡನೆಯದು.

ತಕ್ಕಡಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ವ್ಯಾಪಾರಿಗಳು ಹಲ್ಲು ಕಡಿದು ಇಟ್ಟದ್ದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದ ಅವರು ತಲೆ ನರೆಯುವವರೆಗೂ ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಲೀಟರು ಪಾತ್ರೆಗಳನ್ನು ಪರೀಕ್ಷಿಸಿದವರು. ಲಂಚವೆಂದರೆ ಏನೆಂದು ಅವರಿಗೆ ತಿಳಿಯದು. ದಾಕ್ಷಿಣ್ಯವೆಂದರೆ ಏನೆಂಬುದೂ ತಿಳಿಯದು. ಮದುವೆಯಾದ ಹೊಸತರಲ್ಲಿ ಸ್ವಂತ ಮಾವನ ಅಂಗಡಿಗೇ ನುಗ್ಗಿ, ಸವೆದಿದೆಯೆಂದು ಒಂದು ಕಲ್ಲನ್ನು ಮುಟ್ಟುಗೋಲು ಹಾಕಿಕೊಂಡರಂತೆ. "ಕಲ್ಲನ್ನಾದ್ರೂ ವಾಪಸ್ ಕೊಡಿ, ಇಲ್ಲ ನನ್ನ ಮಗಳನ್ನಾದ್ರೂ ವಾಪಸ್ ಕೊಡಿ" ಎಂದು ಮಾವ ಗುಡುಗಿದಾಗ, "ರಸೀದಿ ಕೊಟ್ಟಿರೋದು ಕಲ್ಲಿಗೆ ಮಾತ್ರ" ಎಂದು ಅಳಿಯಂದಿರು ಶಾಂತವಾಗಿ ಹೇಳಿದರಂತೆ.

ಇಂಥವರು ನಿವೃತ್ತರಾದ ಮೇಲೆ ಅಳೆಯಲು ಏನು ಉಳಿಯುತ್ತದೆ? ಹಾಲಿನವನ ಅಳತೆ ನೋಡಿದರು; ಅವನು ಆ ಬೀದಿಯನ್ನೇ ಬಿಟ್ಟ. ಹೆಂಡತಿ ಟೀಗೆ ಹಾಕುವ ಸಕ್ಕರೆಯ ಚಮಚ ನೋಡಿದರು. ಆಕೆ ಚಮಚವನ್ನು ಅವರ ಕೈಗೇ ಕೊಟ್ಟು, "ಇನ್ಮೇಲೆ ನೀವೇ ಮಾಡ್ಕೊಳ್ಳಿ" ಎಂದಳು. ಹೀಗೆ ಅಳತೆಯಿಲ್ಲದೆ ಸೊರಗುತ್ತಿದ್ದ ಜೀವ, ಒಂದು ದಿನ ಕಾರಿನ ಗಾಜು ಒರೆಸುವ ಕಡ್ಡಿ ಕೊಳ್ಳಲು ಬಿಡಿಭಾಗಗಳ ಅಂಗಡಿಗೆ ಹೋಯಿತು. ಗಾಜಿನ ಪೆಟ್ಟಿಗೆಯೊಳಗೆ ದುಂಡನೆಯ ಮುಖ, ಕೆಂಪು ಮುಳ್ಳು, ಕೆಳಗೆ ಕಪ್ಪು ಕೊಳವೆಯ ಬಾಲ ಇದ್ದ ಒಂದು ವಸ್ತು ಅವರನ್ನೇ ನೋಡುತ್ತಿತ್ತು.

"ಇದೇನ್ರೀ?"

"ಕಂಪ್ರೆಷನ್ ಗೇಜು ಸಾರ್. ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಇದನ್ನ ತಿರುಗಿಸಿ, ಕೀ ಕೊಟ್ಟು ಇಂಜಿನ್ ಸುತ್ತಿಸಿದ್ರೆ ಒಳಗೆ ಗಾಳಿ ಎಷ್ಟು ಬಿಗಿಯಾಗಿ ಒತ್ತುತ್ತೆ ಅಂತ ಮುಳ್ಳು ತೋರಿಸುತ್ತೆ. ಸವೆದ ಇಂಜಿನ್ನಲ್ಲಿ ಗಾಳಿ ಸೋರಿಹೋಗುತ್ತೆ, ಮುಳ್ಳು ಏರೋದಿಲ್ಲ. ಆದ್ರೆ ಸಾರ್, ಸುತ್ತಿಸುವಾಗ ಮಾತ್ರ ಕಾಲನ್ನ..."

"ಮುಳ್ಳಿನ ವಿಚಾರ ನನಗೆ ಹೇಳ್ಕೊಡ್ತೀರಾ?" ತಕ್ಕಡಿಯಪ್ಪನವರು ಕೈಯೆತ್ತಿ ತಡೆದರು. "ನೀವು ಹುಟ್ಟೋಕೆ ಮುಂಚೆ ನಾನು ಮುಳ್ಳು ನೋಡಿದೋನು. ಮುಂದೆ ಹೇಳಿ."

"ಸರಿ ಸಾರ್. ಒಂದು ಸಿಲಿಂಡರಲ್ಲಿ ಮಾತ್ರ ಕಮ್ಮಿ ಬಂದ್ರೆ, ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಇನ್ನೊಂದ್ಸಲ ನೋಡಿ..."

"ಎಷ್ಟು ಚಮಚ? ದೊಡ್ಡದೋ ಚಿಕ್ಕದೋ? ತಲೆ ತಟ್ಟಿದ್ದೋ, ಗೋಪುರ ಬಂದಿದ್ದೋ?"

ಅಳತೆಯ ಮಾತು ಬಂದ ಕೂಡಲೆ ಅವರ ಕಿವಿ ನೆಟ್ಟಗಾಗಿತ್ತು. ಎಣ್ಣೆಯ ಪಾಠವನ್ನು ಮೂರು ಸಲ ಹೇಳಿಸಿಕೊಂಡರು. ಎಣ್ಣೆ ಬಿಟ್ಟ ಮೇಲೆ ಮುಳ್ಳು ಏರಿದರೆ ಪಿಸ್ಟನ್ ರಿಂಗು ಸವೆದಿದೆ, ಇಂಜಿನ್ನನ್ನೇ ಹೊರಗೆ ತೆಗೆದು ಬಿಚ್ಚಬೇಕು. ಏರದೆ ಇದ್ದಲ್ಲೇ ಇದ್ದರೆ ಮೇಲಿನ ವಾಲ್ವು ಸುಟ್ಟಿದೆ, ತಲೆಭಾಗ ಮಾತ್ರ ಬಿಚ್ಚಿದರೆ ಸಾಕು. ಇಷ್ಟನ್ನು ಬಾಯಿಪಾಠ ಮಾಡಿಕೊಂಡು, ಗೇಜನ್ನು ಎದೆಗವಚಿಕೊಂಡು ಮನೆಗೆ ಬಂದರು. ಒರೆಸುವ ಕಡ್ಡಿ ಅಂಗಡಿಯಲ್ಲೇ ಉಳಿಯಿತು.

ಓದುಗರು ಇಲ್ಲೊಂದು ಕ್ಷಣ ನಿಲ್ಲಬೇಕು. ಅಂಗಡಿಯವನ ಬಾಯಲ್ಲೇ ಉಳಿದ ಮಾತು ಇದು: ಇಂಜಿನ್ ಸುತ್ತಿಸುವಾಗ ಅಕ್ಸಿಲರೇಟರನ್ನು ಪೂರ್ತಿ ತುಳಿದಿರಬೇಕು. ತುಳಿದರೆ ಗಾಳಿ ಒಳಗೆ ಹೋಗುವ ಬಾಗಿಲು ತೆರೆಯುತ್ತದೆ. ಬಾಗಿಲೇ ಮುಚ್ಚಿದ್ದರೆ ಒತ್ತುವುದಕ್ಕೆ ಗಾಳಿ ಎಲ್ಲಿಂದ ಬರಬೇಕು? ಒಬ್ಬನ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು "ಉಸಿರೆಳೆ" ಎಂದು ಹೇಳಿ, ಅವನು ಎಳೆಯದಿದ್ದರೆ "ಪಾಪ, ಶ್ವಾಸಕೋಶ ಹೋಗಿದೆ" ಎಂದು ತೀರ್ಪು ಕೊಟ್ಟ ಹಾಗೆ.

ತಕ್ಕಡಿಯಪ್ಪನವರು ಹಿಡಿದ ಮೊದಲ ಮೂಗು ತಮ್ಮ ಸ್ವಂತ ಕಾರಿನದು. ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಅಂಗಳದ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ, ಮೊದಲ ತೂತಿಗೆ ಗೇಜು ತಿರುಗಿಸಿ, "ಏ, ಬಾರೇ ಇಲ್ಲಿ, ಕೀ ತಿರುಗಿಸು" ಎಂದು ಹೆಂಡತಿಯನ್ನು ಕೂಗಿದರು.

"ಒಲೆ ಮೇಲೆ ಹಾಲಿಟ್ಟಿದೀನ್ರೀ."

"ಒಂದು ನಿಮಿಷದ ಕೆಲಸ."

ಒಂದು ನಿಮಿಷದ ಕೆಲಸಕ್ಕೆ ಯಾರು ಬಾಗಿಲು ತೆಗೆದು ಸೀಟಿನಲ್ಲಿ ಕೂರುತ್ತಾರೆ? ಆಕೆ ಹೊರಗೇ ನಿಂತು, ಕಿಟಕಿಯಲ್ಲಿ ಕೈ ತೂರಿಸಿ, ಕಣ್ಣನ್ನು ಅಡುಗೆಮನೆಯ ಕಡೆಗಿಟ್ಟು ಕೀ ತಿರುಗಿಸಿದಳು. ಇಂಜಿನ್ "ಗುರ್ ಗುರ್ ಗುರ್" ಎಂದಿತು. ಮುಳ್ಳು ಅರ್ಧ ದಾರಿಗೆ ಏರಿ, ದಣಿದ ಕತ್ತೆಯಂತೆ ನಿಂತಿತು. ಎರಡನೆಯ ಸಿಲಿಂಡರೂ ಹಾಗೆಯೇ, ಮೂರನೆಯದೂ, ನಾಲ್ಕನೆಯದೂ.

"ಹೋಯ್ತು" ಎಂದರು ತಕ್ಕಡಿಯಪ್ಪನವರು. "ನಾಲ್ಕೂ ಸಮ ಸಮನಾಗಿ ಹೋಗಿದೆ. ಎಣ್ಣೆ ಬಿಟ್ಟು ನೋಡೋದೂ ದಂಡ."

"ನಿನ್ನೆ ತಾನೆ ಬೆಟ್ಟ ಹತ್ತಿಸ್ಕೊಂಡು ಬಂದ್ರಲ್ರೀ!"

"ಸಾಯೋ ಮುಂಚೆ ದೀಪ ಜೋರಾಗಿ ಉರಿಯುತ್ತೆ ಕಣೇ. ಮುಳ್ಳು ಸುಳ್ಳು ಹೇಳೋದಿಲ್ಲ."

ಸ್ವಂತ ಮನೆಯ ಸಾವನ್ನು ಇಷ್ಟು ಸಂತೋಷದಿಂದ ಸಾರಿದವರನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಎದುರು ಮನೆಯ ಹಲ್ಲಿನ ಡಾಕ್ಟರು ಗೇಟಿನ ಬಳಿ ಬಂದು ನೋಡಿದರು. ಅವರ ಕಾರಿನ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. "ನಂದೂ ಒಂದ್ಸಲ ನೋಡಿ, ಸುಮ್ನೆ ತಮಾಷೆಗೆ" ಎಂದರು. ತಕ್ಕಡಿಯಪ್ಪನವರು ತಮಾಷೆ ಮಾಡುವವರಲ್ಲ. ಹೆಂಡತಿಯನ್ನು ಕರೆದರು. ಆಕೆ ಕಿಟಕಿಯಲ್ಲಿ ಕೈ ತೂರಿಸಿದಳು. ಮುಳ್ಳು ಅರ್ಧ ದಾರಿಗೆ ಏರಿ ನಿಂತಿತು.

"ಡಾಕ್ಟ್ರೇ, ಮನಸ್ಸು ಗಟ್ಟಿ ಮಾಡ್ಕೊಳ್ಳಿ."

"ಏನು, ಹೇಳಿ!"

"ನೀವೂ ರೋಗಿಗಳಿಗೆ ಹೀಗೇ ಹೇಳ್ತೀರಲ್ಲ, ಹೊರಗೆ ಬಿಳಿ, ಒಳಗೆ ಹುಳುಕು ಅಂತ. ಹಾಗೇ ಇದು."

ಡಾಕ್ಟರು ಮೆಕ್ಯಾನಿಕ್ಕಿನ ಹತ್ತಿರ ಓಡಿದರು. ಮೆಕ್ಯಾನಿಕ್ಕು ಬಾನೆಟ್ ಎತ್ತಿ ಕಿವಿಗೊಟ್ಟು, "ಗಡಿಯಾರದ ಹಾಗಿದೆ, ಹೋಗಿ ಸಾರ್" ಎಂದ. ಆ ವಾರ್ತೆಯನ್ನು ತಕ್ಕಡಿಯಪ್ಪನವರು ಕರುಣೆಯ ನಗೆಯಿಂದ ಕೇಳಿದರು. "ಅವನು ಕಿವಿಯಿಂದ ಕೇಳಿ ಹೇಳಿದ. ಸರಿ. ಆ ಕಿವಿಗೆ ಸರ್ಕಾರದ ಮುದ್ರೆ ಇದೆಯಾ? ಕೇಳಿ ನೋಡಿ."

ಮುದ್ರೆಯಿಲ್ಲದ ಕಿವಿಯನ್ನು ನಂಬುವುದು ಹೇಗೆ? ಅದೂ ಅಲ್ಲದೆ, ಜೀವಮಾನದಲ್ಲಿ ಒಂದು ಗುಲಗಂಜಿ ತೂಕದ ಸುಳ್ಳನ್ನೂ ಹೇಳದ ಮನುಷ್ಯ ಎದುರಿಗೆ ನಿಂತು ಹೇಳುತ್ತಿರುವಾಗ! ವಾರ ಕಳೆಯುವುದರೊಳಗೆ ಆ ಬೀದಿಯಲ್ಲಿ ಆರೋಗ್ಯವಾಗಿದ್ದ ಇಂಜಿನ್ ಒಂದೂ ಉಳಿಯಲಿಲ್ಲ. ಬೀದಿಯ ಕೊನೆಮನೆಯ ಟೈಲರು ತನ್ನ ಕಾರಿನ ಮೇಲೆ ಬಟ್ಟೆ ಹೊದಿಸಿ, ಹೆಣದ ಮುಂದೆ ಕೂತಂತೆ ಜಗಲಿಯಲ್ಲಿ ಕೂತ. ಜನ ಕಾರುಗಳನ್ನು ತೊಳೆಯುವುದನ್ನೂ ಬಿಟ್ಟರು; ಹೋಗುವ ಜೀವಕ್ಕೆ ಸೋಪೇಕೆ ದಂಡ? ಎಲ್ಲರೂ ನಡೆಯತೊಡಗಿದರು. ದಾರಿಯಲ್ಲಿ ಸಿಕ್ಕವರು, "ನಿಮ್ದು ಎಷ್ಟಿದೆ?" "ಅರ್ಧಕ್ಕೂ ಕಮ್ಮಿ ಕಣ್ರೀ" ಎಂದು ರಕ್ತದೊತ್ತಡದ ರೋಗಿಗಳಂತೆ ವಿಚಾರಿಸಿಕೊಂಡರು.

ಈ ಕೀರ್ತಿ ಊರಿನ ಆಚೆಯ ಕೊನೆಗೂ ಹೋಗಿ, ತಕ್ಕಡಿಯಪ್ಪನವರ ತಂಗಿಯ ಕಿವಿಗೆ ಬಿತ್ತು.

ಈ ತಂಗಿಯ ಗಂಡ ತೀರಿಹೋಗಿ ಒಂದು ವರ್ಷವಾಗಿತ್ತು. ಮೂತಿ ಮುಂದಕ್ಕಿದ್ದ ಹಳೆಯ ವ್ಯಾನಿನಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವುದು ಅವನ ಕೆಲಸ. ಬದುಕಿದ್ದಾಗ ಹೆಂಡತಿಗೂ ಓಡಿಸಲು ಕಲಿಸಿದ್ದ. "ಒಂದಲ್ಲ ಒಂದಿನ ನಾನು ಹಿಂದಿನ ಸೀಟಲ್ಲಿ ಮಲಗಿ ಹೋಗ್ಬೇಕು, ನೀನು ಓಡಿಸ್ಬೇಕು" ಎಂದು ತಮಾಷೆ ಮಾಡುತ್ತಿದ್ದ. ಅವನು ಹೋದ ಮೇಲೆ ಆಕೆ ಕಣ್ಣೊರೆಸಿಕೊಂಡು, ಸೀಟನ್ನು ಒಂದು ಗೇಣು ಮುಂದಕ್ಕೆಳೆದುಕೊಂಡು, ಆ ಕೆಲಸವನ್ನೇ ಹಿಡಿದಳು. ದೇವರು ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟದ್ದು ಆ ವ್ಯಾನು. ಅದು ಇದ್ದರೆ ತನ್ನ ಮನೆ, ತನ್ನ ಒಲೆ. ಇಲ್ಲದಿದ್ದರೆ ಗಂಡನ ಅಣ್ಣನ ಮನೆ.

ಆ ಭಾವ ಕೆಟ್ಟವರಲ್ಲ. ದೊಡ್ಡ ದೇಹ, ದೊಡ್ಡ ದನಿ, ದೊಡ್ಡ ಮನಸ್ಸು. "ನಮ್ಮಲ್ಲಿ ಹಿಂದಿನ ಕೋಣೆ ಖಾಲಿ ಇದೆಯಮ್ಮ. ಆರಾಮಾಗಿ ಇರು. ನಮ್ಮವಳಿಗೂ ಬೆನ್ನು ನೋವು, ಅಡುಗೆ, ಪಾತ್ರೆ, ಬಟ್ಟೆ ಅಷ್ಟು ನೋಡ್ಕೊಂಡ್ರೆ ಆಯ್ತು" ಎಂದು ವರ್ಷದಿಂದ ಕರೆಯುತ್ತಲೇ ಇದ್ದರು. ತಂಗಿ "ನೋಡೋಣ ಭಾವ" ಎನ್ನುತ್ತ ವ್ಯಾನು ಓಡಿಸುತ್ತಲೇ ಇದ್ದಳು.

"ಅಣ್ಣ, ಏರು ಬಂತು ಅಂದ್ರೆ ಕೆಮ್ಮುತ್ತೆ. ನಿಂತಲ್ಲಿ ಗಡಗಡ ನಡುಗುತ್ತೆ" ಎಂದಳು ತಂಗಿ. "ನೀನೊಂದ್ಸಲ ನೋಡಿಬಿಡು. ನೀನು ಹೇಳಿದ ಮೇಲೆ ನಾನು ಬೇರೆಯವರನ್ನ ಕೇಳಲ್ಲ."

ತಕ್ಕಡಿಯಪ್ಪನವರು ನೋಡಿದರು. ಹೆಂಡತಿ ಕಿಟಕಿಯಲ್ಲಿ ಕೈ ತೂರಿಸಿದಳು. ಮೂರರಲ್ಲಿ ಮುಳ್ಳು ಅರ್ಧ ದಾರಿಗೆ ಏರಿತು. ನಾಲ್ಕನೆಯದರಲ್ಲಿ ಎದ್ದೆನೋ ಇಲ್ಲವೋ ಎಂಬಂತೆ ತಲೆಯಾಡಿಸಿ ಮಲಗಿತು. ಬೀದಿಯವರ ಇಂಜಿನ್ನುಗಳ ಸಾವನ್ನು ಹೆಮ್ಮೆಯಿಂದ ಸಾರಿದ್ದ ಬಾಯಿ ಈ ಸಲ ಒಣಗಿತು. ಆದರೆ ಮಾವನಿಗಿಲ್ಲದ ದಾಕ್ಷಿಣ್ಯ ತಂಗಿಗೆ ಮಾತ್ರ ಎಲ್ಲಿಂದ ಬಂದೀತು?

"ಇದು ಮುಗೀತಮ್ಮ. ಮಕ್ಕಳನ್ನ ಇದರಲ್ಲಿ ಕೂರಿಸ್ಬೇಡ. ಗುಜರಿಗೆ ಕೊಟ್ಟುಬಿಡು."

ತಂಗಿ ವ್ಯಾನಿನ ಮೂತಿಯ ಮೇಲಿದ್ದ ಧೂಳನ್ನು ಅಂಗೈಯಿಂದ ಒರೆಸಿ, "ಆಯ್ತಣ್ಣ" ಎಂದಳು.

ಭಾನುವಾರ ಬೆಳಿಗ್ಗೆ ಗುಜರಿಯವನು ಎಳೆದೊಯ್ಯುವ ಲಾರಿ ತಂದ. ಅದರಲ್ಲೇ ಮುಂದಿನ ಸೀಟು ತುಂಬ ಭಾವ ಬಂದರು. ತಂಗಿಯ ಟ್ರಂಕು, ಹಾಸಿಗೆ ಸುರುಳಿ ಲಾರಿಯ ಮೇಲೇರಿದವು. ಹೆಂಡತಿಯೊಡನೆ ಬಂದ ತಕ್ಕಡಿಯಪ್ಪನವರ ಕೈಯಲ್ಲಿ ಗೇಜು ಇತ್ತು. ಏನೋ ನಡೆಯುತ್ತದೆಂದು ಡಾಕ್ಟರೂ ಟೈಲರೂ ಊರುದ್ದ ನಡೆದುಕೊಂಡೇ ಬಂದಿದ್ದರು.

ಗುಜರಿಯವನು ತಕ್ಕಡಿಯಪ್ಪನವರನ್ನು ಕಂಡು ಎರಡು ಹೆಜ್ಜೆ ಹಿಂದಿಟ್ಟ. "ಅಯ್ಯೋ, ಈ ಯಜಮಾನ್ರು ಇಲ್ಲೂ ಬಂದ್ರಾ! ನನ್ನ ತಕ್ಕಡಿ ಈಗ ಸರಿಯಾಗಿದೆ ಸ್ವಾಮಿ, ದೇವರಾಣೆ!"

"ತಕ್ಕಡಿ ಆಮೇಲೆ. ಮೊದಲು ನೀನು ತಗೋತಿರೋ ಮಾಲು ಎಷ್ಟು ಕೆಟ್ಟದ್ದು ಅಂತ ಕಣ್ಣಾರೆ ನೋಡಿ ತಗೋ. ಆಮೇಲೆ ನಮ್ಮ ಮೇಲೆ ಮಾತು ಬರಬಾರದು."

"ಸ್ವಾಮಿ, ನಾನು ತಗಡನ್ನ ತೂಕಕ್ಕೆ ತಗೊಳ್ಳೋನು! ಇಂಜಿನ್ ಓಡಿದ್ರೆ ನನಗೇನು, ಕುಣಿದ್ರೆ ನನಗೇನು?"

ಕೆಟ್ಟ ಮಾಲನ್ನು ಕೆಟ್ಟದ್ದೆಂದು ರುಜುವಾತು ಮಾಡಿಯೇ ಮಾರುತ್ತೇನೆಂದು ಹಠ ಹಿಡಿದ ಮಾರಾಟಗಾರನನ್ನು ಗುಜರಿಯವನು ತನ್ನ ವ್ಯಾಪಾರದಲ್ಲಿ ಎಂದೂ ಕಂಡಿರಲಿಲ್ಲ. ಅವನು ಹಣೆ ಚಚ್ಚಿಕೊಳ್ಳುತ್ತಿದ್ದಂತೆಯೇ ಪ್ಲಗ್ಗುಗಳು ಬಿಚ್ಚಿಕೊಂಡವು. ಹೆಂಡತಿ ಅಭ್ಯಾಸದಂತೆ ಕಿಟಕಿಯ ಬಳಿ ಹೋದಳು.

"ಅತ್ತಿಗೆ, ಇದೊಂದ್ಸಲ ನಾನೇ ಕೀ ತಿರುಗಿಸ್ತೀನಿ" ಎಂದಳು ತಂಗಿ. "ಕೊನೇ ಸಲ ತಾನೆ."

ಬಾಗಿಲು ತೆಗೆದು, ತನ್ನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಒಂದು ಗಳಿಗೆ ದೇವರನ್ನು ನೆನೆದಳು. ಹಳೆಯ ಗಾಡಿ ಓಡಿಸುವವರು ಕೂತ ಕೂಡಲೆ ಅವರ ಬಲಗಾಲು ಯಾರ ಅಪ್ಪಣೆಗೂ ಕಾಯುವುದಿಲ್ಲ. ಅದು ಅಕ್ಸಿಲರೇಟರನ್ನು ತಳದವರೆಗೆ ತುಳಿಯಿತು. ಕೈ ಕೀ ತಿರುಗಿಸಿತು.

ಮುಳ್ಳು ಹಾರಿತು. ಅರ್ಧ ದಾರಿ ದಾಟಿ, ಮುಕ್ಕಾಲು ದಾಟಿ, ಗೇಜನ್ನು ಹಿಡಿದಿದ್ದ ತಕ್ಕಡಿಯಪ್ಪನವರು ಹಾವು ಮುಟ್ಟಿದವರಂತೆ ಕೈ ಕೊಡಹುವಷ್ಟು ಹಾರಿತು.

"ಗೇಜು ಕೆಟ್ಟಿತು!" ಎಂದು ಕೂಗಿದರು. "ಏ, ನೀನು ತಿರುಗಿಸು."

ಹೆಂಡತಿ ಹೊರಗಿನಿಂದ ಕೈ ತೂರಿಸಿ ತಿರುಗಿಸಿದಳು. ತಂಗಿ ಕಾಲನ್ನು ಸರಿಸಿಕೊಂಡು ಕೂತಿದ್ದಳು. ಅರ್ಧ ದಾರಿ.

"ನೀನು ತಿರುಗಿಸಮ್ಮ."

ಹಾರಿತು.

"ನೀನು."

ಅರ್ಧ ದಾರಿ.

ತಕ್ಕಡಿಯಪ್ಪನವರು ಬೆವರೊರೆಸಿಕೊಂಡರು. ನಿಷ್ಪಕ್ಷಪಾತವೆಂದು ಅವರು ಜೀವಮಾನವೆಲ್ಲ ನಂಬಿದ್ದ ಮುಳ್ಳು, ಸಂತೆಯ ದಲ್ಲಾಳಿಯಂತೆ ಮುಖ ನೋಡಿ ಮಣೆ ಹಾಕುತ್ತಿತ್ತು. "ವಿಚಿತ್ರ" ಎಂದರು. "ನಿನ್ನ ಕೈಯಲ್ಲೇ ಏನೋ ದೋಷ ಇದೆ ಕಣೇ."

ಇದಕ್ಕಿಂತ ಅವರು ಹೆಂಡತಿಯ ಮೇಲೆ ಎಣ್ಣೆ ಸುರಿದು ಕಡ್ಡಿ ಗೀರಿದ್ದರೆ ಮೇಲಿತ್ತು.

"ಏನಂದ್ರಿ? ನನ್ನ ಕೈಯಲ್ಲಿ ದೋಷ? ಇಷ್ಟು ವರ್ಷ ನಿಮಗೆ ಬೇಯಿಸಿ ಹಾಕಿದ ಕೈ ಇದು! ಇಳಿಯೇ, ಇಳಿ ನೀನು" ಎಂದು ನಾದಿನಿಯನ್ನು ಕೆಳಗಿಳಿಸಿ, ಆಕೆ ಮೊಟ್ಟಮೊದಲ ಬಾರಿಗೆ ಸೀಟಿನ ಮೇಲೆ ಕೂತಳು. "ಹೇಳು, ನೀನು ಏನೇನು ಮಾಡ್ದೆ? ಕೂತೆ. ನಾನೂ ಕೂತಿದೀನಿ. ದೇವರನ್ನ ನೆನೆಸ್ಕೊಂಡೆ. ನಾನೂ ನೆನೆಸ್ಕೊಂಡೆ. ಬಲಗೈಯಲ್ಲಿ ಕೀ ತಿರುಗಿಸ್ದೆ."

ತಿರುಗಿಸಿದಳು. ಅರ್ಧ ದಾರಿ.

"ನಿನ್ನ ಕಾಲೆಲ್ಲಿತ್ತು?"

"ಕಾಲಾ ಅತ್ತಿಗೆ? ಅದು ತಾನಾಗೇ ಎಕ್ಸಲೇಟರ್ ಮೇಲೆ ಹೋಗುತ್ತಲ್ಲ."

ಹೆಂಡತಿ ತುಳಿದಳು. ತಿರುಗಿಸಿದಳು. ಮುಳ್ಳು ಹಾರಿತು. ಕಾಲು ತೆಗೆದಳು, ಬಿತ್ತು. ತುಳಿದಳು, ಹಾರಿತು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಂಡನನ್ನು ಒಂದು ನೋಟ ನೋಡಿದಳು. ಬೈದಿದ್ದರೆ ತಕ್ಕಡಿಯಪ್ಪನವರಿಗೆ ಹಗುರವಾಗುತ್ತಿತ್ತು.

ಹಲ್ಲಿನ ಡಾಕ್ಟರು ಮೆಲ್ಲಗೆ ಕೇಳಿದರು: "ಹಾಗಾದ್ರೆ ನಮ್ಮ ಕಾರುಗಳು..."

"ಡಾಕ್ಟ್ರೇ, ತಡೀರಿ!" ತಕ್ಕಡಿಯಪ್ಪನವರು ಗದರಿದರು. ದೋಷ ಮುಳ್ಳಿನದಲ್ಲವೆಂದು ತಿಳಿದ ಕೂಡಲೆ ಅವರ ಬೆನ್ನು ಮತ್ತೆ ನೆಟ್ಟಗಾಗಿತ್ತು. ತಮ್ಮದೆಂಬುದು ಅಷ್ಟು ದೊಡ್ಡ ವಿಷಯವಾಗಿ ಕಾಣಲಿಲ್ಲ. "ಇಲ್ಲಿ ಒಂದು ಸಂಸಾರದ ಪ್ರಶ್ನೆ ಇದೆ. ತುಳಿಯೇ!"

ಎರಡನೆಯ ಸಿಲಿಂಡರು, ಹಾರಿತು. ಮೂರನೆಯದು, ಹಾರಿತು. ಟೈಲರು ಚಪ್ಪಾಳೆ ತಟ್ಟಿದ. ನಾಲ್ಕನೆಯದು ಕಾಲು ಭಾಗಕ್ಕೆ ಏರಿ ನಿಂತಿತು. ಚಪ್ಪಾಳೆ ನಿಂತಿತು.

"ನೋಡಿದ್ರಾ, ಒಂದು ಹೋಗಿದೆ" ಎಂದ ಗುಜರಿಯವನು. "ನಾಲ್ಕು ಕಾಲಿನ ಕುದುರೆಗೆ ಒಂದು ಕಾಲು ಹೋದ್ರೆ ಏನು ಮಾಡ್ತಾರೆ ಸ್ವಾಮಿ? ವ್ಯಾನಿಗೆ ಕೊಕ್ಕೆ ಹಾಕ್ಲಾ?"

"ಮುಚ್ಚೋ ಬಾಯಿ. ಚಮಚ ತಾರಮ್ಮ, ಚಿಕ್ಕದು."

ತಂಗಿ ಓಡಿದಳು. ಚಮಚಗಳೆಲ್ಲ ಟ್ರಂಕಿನಲ್ಲಿ, ಟ್ರಂಕು ಲಾರಿಯ ಮೇಲೆ. ಹತ್ತಿ, ಬಿಚ್ಚಿ, ಕೆದಕಿ ತಂದಳು. ತಕ್ಕಡಿಯಪ್ಪನವರು ಇಂಜಿನ್ ಎಣ್ಣೆಯನ್ನು ಚಮಚಕ್ಕೆ ತಲೆ ತಟ್ಟಿ ಅಳೆದು, ಮಗುವಿಗೆ ಔಷಧ ಹಾಕುವಂತೆ ನಾಲ್ಕನೆಯ ತೂತಿನೊಳಗೆ ಬಿಟ್ಟರು. ಆಮೇಲೆ ಎಲ್ಲರ ಕಡೆಗೆ ತಿರುಗಿ ಗಂಭೀರವಾಗಿ ಹೇಳಿದರು: "ಸರಿಯಾಗಿ ಕೇಳಿ. ಈಗ ಮುಳ್ಳು ಏರಿದ್ರೆ ರಿಂಗು ಹೋಗಿದೆ, ಇಂಜಿನ್ನೇ ಬಿಚ್ಚಬೇಕು, ಆ ಖರ್ಚಿಗೆ ಗುಜರಿನೇ ವಾಸಿ. ಏರದಿದ್ರೆ ವಾಲ್ವು. ನಾಲ್ಕು ದಿನದ ರಿಪೇರಿ, ಗಾಡಿ ಉಳೀತು. ಈ ಸಲ ಏರಬಾರದು. ಏರಬಾರದು ಅಂತ ಬೇಡ್ಕೊಳ್ಳಿ."

ಅರ್ಧ ಗಂಟೆಯಿಂದ ಏರು ಏರು ಎಂದು ಹಾರೈಸುತ್ತಿದ್ದ ಜನಕ್ಕೆ ಹೀಗೆ ಹಠಾತ್ತನೆ ಭಕ್ತಿಯ ದಿಕ್ಕು ಬದಲಿಸುವುದು ಸುಲಭವಲ್ಲ. ಟೈಲರು ಎರಡು ಕೈ ಮುಗಿದು "ಏರಪ್ಪಾ ದೇವರೇ" ಎಂದವನು, ಡಾಕ್ಟರ ಮೊಣಕೈ ತಿವಿತಕ್ಕೆ "ಇಳಿಯಪ್ಪಾ" ಎಂದು ತಿದ್ದಿಕೊಂಡ. ಭಾವ ಯಾವುದಕ್ಕೆ ಬೇಡಿಕೊಳ್ಳುವುದೆಂದು ತಿಳಿಯದೆ, ಹೆಂಡತಿಯ ಬೆನ್ನು ನೋವನ್ನೂ ನೆನೆದು, ತಮ್ಮನ ಮುಖವನ್ನೂ ನೆನೆದು, ಆಕಾಶ ನೋಡಿದರು. ಗುಜರಿಯವನೊಬ್ಬನೇ ಬಹಿರಂಗವಾಗಿ ಏರಲೆಂದು ಬೇಡಿಕೊಂಡದ್ದು. ತಂಗಿ ವ್ಯಾನಿನ ಮೂತಿಯ ಮೇಲೆ ಅಂಗೈಯಿಟ್ಟು ನಿಂತಿದ್ದಳು.

"ತುಳಿದಿದೀಯೇನೇ?"

"ತುಳಿದಿದೀನಿ! ನಿಮ್ಮ ಕುತ್ತಿಗೆ ಅನ್ಕೊಂಡು ತುಳಿದಿದೀನಿ!"

"ತಿರುಗಿಸು."

ಗುರ್ ಗುರ್ ಗುರ್. ಮುಳ್ಳು ಮತ್ತೆ ಕಾಲು ಭಾಗಕ್ಕೆ ಏರಿತು. ಅಲ್ಲಿ ಒಮ್ಮೆ ನಡುಗಿತು. ತಕ್ಕಡಿಯಪ್ಪನವರ ಮೀಸೆಯೂ ನಡುಗಿತು. ಮುಳ್ಳು ನಿಂತಿತು. ಕೂದಲೆಳೆಯಷ್ಟೂ ಮೇಲೆ ಹೋಗಲಿಲ್ಲ.

"ಏರಲಿಲ್ಲ!" ಎಂದು ಟೈಲರು ಕಿರುಚಿದ. ಡಾಕ್ಟರು ಗುಜರಿಯವನನ್ನೇ ತಬ್ಬಿಕೊಂಡರು. ಆ ಬೆಳಗಿನ ಹಾಗೆ ಒಂದು ಮುಳ್ಳಿನ ಸೋಮಾರಿತನಕ್ಕೆ ಜನ ಹರ್ಷಪಟ್ಟದ್ದು ಬೇರೆಲ್ಲೂ ನಡೆದಿರಲಾರದು. ತಂಗಿ ಮಾತ್ರ ಕಣ್ಣೊರೆಸಿಕೊಂಡು, "ಅಣ್ಣ, ಮೊದಲು ಆ ಪ್ಲಗ್ಗುಗಳನ್ನ ಹಾಕು. ನನ್ನ ಟ್ರಂಕು ಇಳಿಸ್ಬೇಕು" ಎಂದಳು.

ಗುಜರಿಯವನು ಟ್ರಂಕನ್ನೂ ಹಾಸಿಗೆ ಸುರುಳಿಯನ್ನೂ ಇಳಿಸಿಕೊಟ್ಟು, "ಈ ಮನುಷ್ಯ ಕೆಲಸದಲ್ಲಿದ್ದಾಗ್ಲೂ ನನಗೆ ನಷ್ಟ, ಮನೇಲಿ ಕೂತ್ರೂ ನಷ್ಟ" ಎಂದು ಗೊಣಗುತ್ತ ಖಾಲಿ ಲಾರಿ ಓಡಿಸಿಕೊಂಡು ಹೋದ. ಡಾಕ್ಟರು ತಕ್ಕಡಿಯಪ್ಪನವರನ್ನು ಗೋಡೆಯ ಮರೆಗೆ ಕರೆದೊಯ್ದು ಪಿಸುಗುಟ್ಟಿದರು: "ಸಾರ್, ನಂದು ಸರಿಯಾಗಿದೆ ಅಂತ ಮನೇಲಿ ಹೇಳ್ಬೇಡಿ. ಕಾರು ಕೆಟ್ಟಾಗಿನಿಂದ ನಮ್ಮತ್ತೆ ಬರೋದು ನಿಲ್ಲಿಸಿದಾರೆ. ಇನ್ನೊಂದು ತಿಂಗಳು ಅದು ಕೆಟ್ಟೇ ಇರಲಿ."

"ತಪ್ಪು ತೂಕನ ತಪ್ಪು ಅಂತ ನಾನೇ ಮನೆ ಮನೆಗೂ ಹೋಗಿ ಹೇಳೋನು ಡಾಕ್ಟ್ರೇ. ನಿಮ್ಮ ಮನೆಗೇ ಮೊದಲು."

ಡಾಕ್ಟರ ಮುಖ ಹಲ್ಲು ಕೀಳಿಸಿಕೊಂಡವರ ಮುಖವಾಯಿತು.

ಈಗ ಅಂಗಳದಲ್ಲಿ ಹೋಗುವ ದಾರಿ ಕಾಣದೆ ಉಳಿದವರು ಭಾವ. ಲಾರಿಯಲ್ಲಿ ಬಂದಿದ್ದರು, ಲಾರಿ ಹೋಗಿತ್ತು. ಅವರ ಮನೆ ಇದ್ದದ್ದು ಏರಿನ ಆಚೆ, ಮತ್ತು ಅವರ ದೇಹ ನಡೆಯಲೆಂದು ಮಾಡಿದ್ದಲ್ಲ.

"ಬನ್ನಿ ಭಾವ, ನಿಮ್ಮನ್ನ ನಿಮ್ಮನೇಲಿ ಬಿಟ್ಟು ಬರ್ತೀನಿ" ಎಂದಳು ತಂಗಿ. "ಒಂದು ಸಿಲಿಂಡರ್ ಇಲ್ಲದಿದ್ರೂ ಅಷ್ಟು ದೂರ ಹೋಗುತ್ತೆ. ಅಣ್ಣ, ನೀನೂ ಹತ್ತು."

"ನಾನ್ಯಾಕಮ್ಮ?"

"ಹತ್ತು ಅಂದ್ನಲ್ಲ."

ವ್ಯಾನು ಗಡಗಡ ನಡುಗುತ್ತ ಹೊರಟಿತು. ಭಾವ ದಾರಿಯುದ್ದಕ್ಕೂ ಖಾಲಿ ಕೋಣೆಯ ಮಾತೆತ್ತಲು ಬಾಯಿ ತೆರೆದರು, ಪ್ರತಿ ಸಲವೂ ವ್ಯಾನು ಎತ್ತಿ ಕುಕ್ಕಿ ಅವರ ಬಾಯಿ ಮುಚ್ಚಿಸಿತು. ಏರಿನ ಅರ್ಧಕ್ಕೆ ಬಂದಾಗ ಇಂಜಿನ್ ಕೆಮ್ಮಿತು, ವೇಗ ಸತ್ತಿತು, ಚಕ್ರಗಳು ಯೋಚಿಸತೊಡಗಿದವು. ತಂಗಿ ಕನ್ನಡಿಯಲ್ಲಿ ನೋಡಿದಳು. ಭಾವ ಇಳಿಯುವ ಲಕ್ಷಣ ಕಾಣಲಿಲ್ಲ. ತಕ್ಕಡಿಯಪ್ಪನವರು ತಮ್ಮನ್ನೇಕೆ ಹತ್ತಿಸಿಕೊಂಡಳೆಂಬುದನ್ನು ಅರ್ಥಮಾಡಿಕೊಂಡು, ತಾವಾಗಿಯೇ ಕೆಳಗಿಳಿದು ಹಿಂಬದಿಗೆ ಹೋದರು. ತೋಳು ಮಡಿಸಿ, ಹೆಗಲು ಕೊಟ್ಟು, ಆ ವ್ಯಾನಿನ, ಭಾವನ, ಒಂದು ಸುಟ್ಟ ವಾಲ್ವಿನ ಒಟ್ಟು ಭಾರವೆಷ್ಟೆಂಬುದನ್ನು ಯಾವ ಮುಳ್ಳಿನ ನೆರವೂ ಇಲ್ಲದೆ ತಿಳಿದುಕೊಂಡರು.

"ಅಮ್ಮಾ," ಎಂದು ಏದುಸಿರಿನಲ್ಲಿ ಕೂಗಿದರು, "ಎಕ್ಸಲೇಟರ್ ಪೂರ್ತಿ ತುಳಿದಿದೀಯೇನೇ?"

"ಅದು ನನಗೆ ಬಿಡು ಅಣ್ಣ," ಎಂದಳು ತಂಗಿ ಮುಂದಿನಿಂದ, "ನೀನು ತಳ್ಳು!"